ನಿಷ್ಪಕ್ಷಪಾತದ ಕೆಮ್ಮು

ನಗರ ಚುನಾವಣೆಯಲ್ಲಿ ಊರ ಮಾತು ಬಾರದ ಮತದಾರರಿಗೆ ಅವರವರ ಭಾಷೆಯಲ್ಲಿಯೇ ನೆರವು ನೀಡತಕ್ಕದ್ದು ಎಂಬ ನಿಯಮ ನಗರಸಭೆಯಲ್ಲಿ ಬಹಳ ಹಿಂದಿನಿಂದಲೂ ಇತ್ತು. ನೆರವು ಮಾತ್ರ ಇರಲಿಲ್ಲ. ನಿಯಮವಿದೆಯಲ್ಲ, ನೆರವೆಲ್ಲಿ ಎಂದು ಯಾರೂ ಕೇಳದಿದ್ದ ಕಾರಣ ಆಡಳಿತ ಇಷ್ಟು ವರ್ಷವೂ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಮೊದಲು ಮತಪತ್ರದಲ್ಲಿ ಹೆಸರಿನ ಪಕ್ಕ ಚಿತ್ರಗಳಿರುತ್ತಿದ್ದವು. ಕೊಡೆ, ಗಡಿಯಾರ, ಕುರ್ಚಿ, ಬೀಗ. ಓದು ಬಾರದವರೂ ಚಿತ್ರ ನೋಡಿ ಗುರುತು ಹಾಕಿ ಬರುತ್ತಿದ್ದರು. ಒಂದು ಸಲ ಮತದಾನದ ದಿನ ಮಳೆ ಸುರಿದು ಕೊಡೆಯವರು ಗೆದ್ದುಬಿಟ್ಟರು. ಹವಾಮಾನವೇ ಪ್ರಚಾರ ಮಾಡಿದೆಯೆಂದು ಸೋತವರು ದೂರು ಕೊಟ್ಟರು, ಚಿತ್ರಗಳನ್ನು ತೆಗೆದುಹಾಕಲಾಯಿತು. ಆಮೇಲೆ ಅಭ್ಯರ್ಥಿಗಳ ಫೋಟೋ ಹಾಕಿದರು. ಒಬ್ಬರು ಇನ್ನೊಬ್ಬರಿಗಿಂತ ನೋಡಲು ಚೆನ್ನಾಗಿದ್ದಾರೆಂಬ ತಕರಾರು ಬಂದು ಫೋಟೋಗಳೂ ಹೋದವು. ಪಟ್ಟಿಯಲ್ಲಿ ಮೊದಲಿದ್ದವರಿಗೆ ಲಾಭವಾಗುತ್ತದೆಂದು ಹೆಸರುಗಳ ಕ್ರಮವನ್ನು ಹಾಳೆಯಿಂದ ಹಾಳೆಗೆ ಬದಲಿಸಿದರು. ಹೀಗೆ ನ್ಯಾಯ ಹೆಚ್ಚುತ್ತಾ ಹೆಚ್ಚುತ್ತಾ, ಮತಪತ್ರ ಓದು ಬಂದವರಿಗಷ್ಟೇ ಅರ್ಥವಾಗುವ ಹಂತಕ್ಕೆ ಬಂದು ತಲುಪಿತು.

ಈ ಪ್ರಗತಿಯಿಂದ ಪೇಚಿಗೆ ಸಿಕ್ಕವರು ಗುಡ್ಡದ ಕೇರಿಯವರು. ಅವರ ಅಜ್ಜಂದಿರು ಕಲ್ಲು ಒಡೆಯಲು ಬಂದು ಗುಡ್ಡದ ಬುಡದಲ್ಲೇ ನೆಲೆ ನಿಂತವರು. ಗುಡ್ಡ ಕರಗಿ ಊರಿನ ರಸ್ತೆ, ಸೇತುವೆ, ನಗರಸಭೆಯ ಮೆಟ್ಟಿಲು ಎಲ್ಲವೂ ಆಯಿತು. ಕೇರಿಯ ಮಾತು ಮಾತ್ರ ಕರಗಲಿಲ್ಲ. ಮನೆಯಲ್ಲಿ ಗುಡ್ಡದ ಮಾತು, ಬೀದಿಯಲ್ಲಿ ಊರ ಮಾತು ಎಂದು ಚಿಕ್ಕವರು ಎರಡನ್ನೂ ಸಂಭಾಳಿಸಿಕೊಂಡರು. ಮುದುಕರಿಗೆ ಒಂದೇ ನಾಲಗೆ. ಹಿಂದಿನ ಚುನಾವಣೆಯಲ್ಲಿ ಅಂಥವರ ಜೊತೆಗೆ ಬಂಧುಗಳನ್ನು ಒಳಗೆ ಬಿಟ್ಟಿದ್ದರು. ಕೇರಿಯ ಒಬ್ಬನೇ ಅಳಿಯ ಇಡೀ ದಿನ ಊಟ ಬಿಟ್ಟು ಇಪ್ಪತ್ತಾರು ಮಂದಿ ಅತ್ತೆಯರಿಗೆ ನೆರವಾದದ್ದು ಸಂಜೆ ಬಾಗಿಲು ಹಾಕುವಾಗ ಸಿಬ್ಬಂದಿಯ ಗಮನಕ್ಕೆ ಬಂತು. ಅಂದಿನಿಂದ ಬಂಧುಗಳ ನೆರವು ನಿಷಿದ್ಧವಾಗಿ, ಅಧಿಕೃತ ಭಾಷಾ ಸಹಾಯಕಿ ಎಂಬ ಹುದ್ದೆ ಹುಟ್ಟಿತು. ಆ ಹುದ್ದೆಗೆ ಟೋಕನಕ್ಕ ಆಯ್ಕೆಯಾದಳು.

ಟೋಕನಕ್ಕ ಕೇರಿಯ ಪಕ್ಕದ ಚಿಕ್ಕಾಸ್ಪತ್ರೆಯಲ್ಲಿ ರೋಗಿಗಳ ಟೋಕನ್ ಸರದಿ ಕೂಗುವವಳು. ಅಲ್ಲಿ ಗೋಡೆಯ ಮೇಲೆ ಕೆಂಪು ಅಂಕಿ ಉರಿಯುವ ಹಲಗೆಯೊಂದಿತ್ತು. ಅದು ಹಗಲಿಡೀ ಎಂಬತ್ತೆಂಟು ಎಂದೇ ತೋರಿಸುತ್ತಿದ್ದುದರಿಂದ ಕೂಗಲು ಒಬ್ಬರು ಬೇಕಾಗಿದ್ದರು. ಅವಳು ಬಾಗಿಲ ಬಳಿ ನಿಂತು ಮೊದಲು ಊರ ಮಾತಿನಲ್ಲಿ, ಆಮೇಲೆ ಗುಡ್ಡದ ಮಾತಿನಲ್ಲಿ ಕೂಗುವಳು. ಮುದುಕರು ಬಂದರೆ ತಾನೂ ಒಳಗೆ ಹೋಗಿ, ಅವರು ಹೇಳಿದ್ದನ್ನು ಡಾಕ್ಟರಿಗೂ ಡಾಕ್ಟರು ಹೇಳಿದ್ದನ್ನು ಅವರಿಗೂ ದಾಟಿಸುವಳು. ಸಂಬಳ ಕೂಗಿದ್ದಕ್ಕೆ ಮಾತ್ರ. ದಾಟಿಸಿದ್ದು ಪುಣ್ಯದ ಲೆಕ್ಕಕ್ಕೆ ಹೋಗುತ್ತಿತ್ತು.

ಆ ಪುಣ್ಯದಲ್ಲಿ ದೊಡ್ಡ ಪಾಲು ಅವಳ ತಾಯಿಯದೇ. ಸಕ್ಕರೆ ಕಾಯಿಲೆಯ ಆ ಮುದುಕಿಗೆ ಬಲಗಾಲಿನ ಹಿಮ್ಮಡಿಯಲ್ಲೊಂದು ಹುಣ್ಣು. ಅದು ಮಾಯುತ್ತಲೂ ಇರಲಿಲ್ಲ, ಕಾಲನ್ನು ಬಿಡುತ್ತಲೂ ಇರಲಿಲ್ಲ. ವಾರಕ್ಕೊಮ್ಮೆ ಪಟ್ಟಿ ಬದಲಿಸಬೇಕು. ಪ್ರತಿ ವಾರವೂ ಡಾಕ್ಟರು ನೋವು ಹೇಗಿದೆ ಎಂದು ಕೇಳುವರು, ಮುದುಕಿ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ ಎನ್ನುವಳು, ಟೋಕನಕ್ಕ ದಾಟಿಸುವಳು.

"ಉರೀಲಿ, ಒಳ್ಳೇದು" ಎನ್ನುವರು ಡಾಕ್ಟರು. "ನೋವಿದೆ ಅಂದ್ರೆ ಕಾಲಿಗೆ ಜೀವ ಇದೆ ಅಂತ. ಯಾವತ್ತು ನೋವು ನಿಲ್ಲುತ್ತೋ ಅವತ್ತು ಮಾತ್ರ ಒಂದು ಗಳಿಗೆ ತಡ ಮಾಡ್ಬೇಡಿ. ಓಡಿ ಬನ್ನಿ. ಸಿಹಿ ಮುಟ್ಬೇಡಿ."

ಇದನ್ನು ಕೇಳಿ ತಾಯಿ ಗುಡ್ಡದ ಮಾತಿನಲ್ಲಿ, "ಇಷ್ಟು ಒಳ್ಳೇದಾದ್ರೆ ಅವನ ಕಾಲಿಗೇ ಬರಲಿ" ಎನ್ನುವಳು.

"ಆಗ್ಲಿ ಡಾಕ್ಟ್ರೇ ಅಂತಿದ್ದಾರೆ" ಎಂದು ಟೋಕನಕ್ಕ ದಾಟಿಸುವಳು.

ಆ ವರ್ಷದ ಚುನಾವಣೆಗೆ ನಾಲ್ವರು ನಿಂತಿದ್ದರು. ಚಿಕ್ಕಾಸ್ಪತ್ರೆ ಕೆಡವಿ ಅಲ್ಲಿ ಆರು ಅಂತಸ್ತಿನ ಕಾರು ನಿಲ್ದಾಣ ಕಟ್ಟಿಸುತ್ತೇನೆ, ರೋಗಿಗಳನ್ನು ರೈಲು ಹಳಿಯ ಆಚೆಯ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ ಎಂದವರು ಕಂಟ್ರಾಕ್ಟರು. ಈ ವಿಷಯದಲ್ಲಿ ಎರಡೂ ಕಡೆ ವಾದವಿದೆ ಎಂದವರು ವಕೀಲರು. ಸೋಡಾ ಅಂಗಡಿಯವರು ಪ್ರತಿ ಚುನಾವಣೆಗೂ ನಿಲ್ಲುವವರು; ಅವರು ಏನು ಹೇಳಿದರೆಂದು ಯಾರಿಗೂ ನೆನಪಿರಲಿಲ್ಲ. ನಾಲ್ಕನೆಯವರು ನರ್ಸಮ್ಮ. ಅದೇ ಚಿಕ್ಕಾಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆಸ್ಪತ್ರೆಯ ಒಂದು ಇಟ್ಟಿಗೆ ಮುಟ್ಟಲೂ ಬಿಡುವುದಿಲ್ಲ ಎಂದು ಅವರು ಹೇಳಿದ್ದು ಕೇರಿಗೆ ಮುಟ್ಟಿತ್ತು.

"ನನ್ನ ವೋಟು ನರ್ಸಮ್ಮಂಗೇ" ಎಂದಳು ತಾಯಿ, ಕಾಲನ್ನು ಮಣೆಯ ಮೇಲೆ ಚಾಚಿ. "ಆ ಹೆಸರು ಎಲ್ಲಿದೆ ಅಂತ ತೋರಿಸು ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ. ಹಳಿ ಆಚೆ ಹೋಗಿ ಯಾರ ಹತ್ರ ನನ್ನ ಕಾಲಿನ ಕಥೆ ಹೇಳ್ಲಿ? ಅಲ್ಲಿ ಗುಡ್ಡದ ಮಾತು ಬರೋ ಒಂದು ನರಪಿಳ್ಳೆನೂ ಇಲ್ಲ."

"ತೋರಿಸೋ ಹಾಗಿಲ್ಲಮ್ಮ. ನಾಲ್ಕೂ ಹೆಸರು ಓದಿ ಹೇಳ್ತೀನಿ. ನೀನೇ ಗುರುತಿಟ್ಕೋ."

"ಅಷ್ಟಾದ್ರೆ ಸಾಕು. ಕಾಲು ಕೆಟ್ಟಿದೆ, ಕಿವಿ ಕೆಟ್ಟಿಲ್ಲ."

ಹುದ್ದೆಯನ್ನು ವಹಿಸಿಕೊಳ್ಳುವ ಮೊದಲು ಟೋಕನಕ್ಕ ಪ್ರಮಾಣವಚನ ಸ್ವೀಕರಿಸಬೇಕಾಯಿತು. ಭಾಷಾ ನೆರವು ಅಧಿಕಾರಿಗಳು ಒಂದೊಂದೇ ಪದ ಹೇಳಿಕೊಟ್ಟರು. ಅವರು ತೆಳ್ಳಗಿನ, ಸೌಮ್ಯ ಸ್ವಭಾವದ ಮನುಷ್ಯ. ಯಾರಿಗೂ ಯಾವತ್ತೂ ಆಗುವುದಿಲ್ಲ ಎಂದವರಲ್ಲ. ನಿಯಮವನ್ನು ತೋರಿಸಿ, ಆಗುವುದಿಲ್ಲವೆಂಬುದನ್ನು ಬಂದವರ ಬಾಯಿಂದಲೇ ಹೇಳಿಸಿ ಕಳಿಸುತ್ತಿದ್ದರು. ಗುಡ್ಡದ ಮಾತಿನ ಒಂದು ಪದವೂ ಅವರಿಗೆ ಬರುತ್ತಿರಲಿಲ್ಲವಾದ್ದರಿಂದ ಆ ಭಾಷೆಯ ಬಗ್ಗೆ ಅವರಿಗೆ ಯಾವ ಪೂರ್ವಗ್ರಹವೂ ಇರಲಿಲ್ಲ.

"ಮತದಾನದ ದಿನ, ಬಾಗಿಲು ತೆರೆದ ಗಳಿಗೆಯಿಂದ ಮುಚ್ಚುವ ಗಳಿಗೆಯವರೆಗೆ" ಎಂದರು ಅಧಿಕಾರಿಗಳು.

"ಮುಚ್ಚುವ ಗಳಿಗೆಯವರೆಗೆ" ಎಂದಳು ಟೋಕನಕ್ಕ.

"ನನಗೆ ತಾಯಿ, ತಂದೆ, ಅತ್ತೆ, ಮಾವ ಮುಂತಾದವರು ಇರುವುದಿಲ್ಲ."

"ಸಾರ್, ತಾಯಿ ಇದ್ದಾರಲ್ಲ?"

"ಇರ್ಲಿ ಅಮ್ಮ. ಚಿರಂಜೀವಿಯಾಗಿರ್ಲಿ. ಆವತ್ತೊಂದು ದಿನ ಬೇಡ, ಅಷ್ಟೇ."

ಅವಳು ಪ್ರಮಾಣ ಮಾಡಿದಳು.

ಅಭ್ಯರ್ಥಿಗಳ ಸಮ್ಮುಖದಲ್ಲಿ ತಾಲೀಮು ನಡೆಯಬೇಕೆಂಬ ನಿಯಮವಿದ್ದುದರಿಂದ ಹಳೆಯ ಮತಪೆಟ್ಟಿಗೆಗಳನ್ನು ಪೇರಿಸಿಟ್ಟ ಉಗ್ರಾಣದಲ್ಲಿ ನಾಲ್ಕು ಕುರ್ಚಿ ಹಾಕಿದರು. ಮೂಲೆಯಲ್ಲಿ ಒಡೆದ ಸುಣ್ಣದ ಚೀಲವಿತ್ತು. ಟೋಕನಕ್ಕ ಮಾದರಿ ಮತಪತ್ರ ಹಿಡಿದು ಮೊದಲ ಹೆಸರು ಓದಿದಳು, ಕಂಟ್ರಾಕ್ಟರದು. ಎರಡನೆಯದು ಓದಿದಳು, ವಕೀಲರದು. ಮೂರನೆಯದು ನರ್ಸಮ್ಮನದು. ಅದನ್ನು ಓದುವಾಗ ಸುಣ್ಣದ ದೂಳು ಗಂಟಲಿಗೆ ಸಿಕ್ಕಿ ಕೆಮ್ಮಿದಳು. ನಾಲ್ಕನೆಯ ಹೆಸರು ಓದಿ ಮುಗಿಸುವಷ್ಟರಲ್ಲಿ ಕಂಟ್ರಾಕ್ಟರು ಎದ್ದು ನಿಂತಿದ್ದರು.

"ಇದೇನ್ರೀ ಇದು? ಆಯಮ್ಮನ ಹೆಸರಿಗೆ ಮಾತ್ರ ಕೆಮ್ಮು?"

"ಇದನ್ನ ಸಂಜ್ಞೆ ಅಂತಾರೆ" ಎಂದರು ವಕೀಲರು. "ಇಲ್ಲ ಅಂತ ಸಾಬೀತು ಮಾಡೋ ಹೊಣೆ ಕೆಮ್ಮಿದವರದು."

ನರ್ಸಮ್ಮ ಬೇರೆ ದೂರು ಕೊಟ್ಟರು. ಹೆಸರಿನ ಜೊತೆ ಕೆಮ್ಮು ಬಂದರೆ ಕಾಯಿಲೆಯ ನೆನಪಾಗುತ್ತದೆ, ತಾನು ಗುಣಪಡಿಸಿದವಳೇ ಹೊರತು ಹರಡಿದವಳಲ್ಲ ಎಂದರು. ಸೋಡಾ ಅಂಗಡಿಯವರು ತಮಗೆ ಯಾರೂ ಕೆಮ್ಮಲಿಲ್ಲವೆಂದು ನೊಂದುಕೊಂಡರು.

ಒಂದೇ ಕೆಮ್ಮಿಗೆ ನಾಲ್ಕು ಕಡೆಯಿಂದಲೂ ದೂರು ಬಂದದ್ದು ನಗರಸಭೆಯ ಇತಿಹಾಸದಲ್ಲಿ ಅದೇ ಮೊದಲು. ಸಮಿತಿ ಕುಳಿತಿತು. ಕೆಮ್ಮನ್ನು ನಿಷೇಧಿಸಬಹುದೇ ಎಂದು ಆರೋಗ್ಯಾಧಿಕಾರಿಗಳನ್ನು ಕೇಳಲಾಗಿ, ಕೆಮ್ಮು ಆದೇಶಕ್ಕೆ ಬಗ್ಗುವ ವಸ್ತುವಲ್ಲವೆಂದು ಅವರು ಅಭಿಪ್ರಾಯಪಟ್ಟರು. ಉಗ್ರಾಣ ಗುಡಿಸಿದರೆ ಸಾಕಲ್ಲವೇ ಎಂದು ಟೋಕನಕ್ಕ ಕೇಳಿದ್ದು ಕಾರ್ಯಸೂಚಿಯಲ್ಲಿ ಇರಲಿಲ್ಲ. ತಡೆಯಲಾಗದ್ದನ್ನು ಸಮನಾಗಿ ಹಂಚುವುದೇ ಪ್ರಜಾಪ್ರಭುತ್ವವೆಂದು ಭಾಷಾ ನೆರವು ಅಧಿಕಾರಿಗಳು ಸಭೆಗೆ ತಿಳಿಸಿಕೊಟ್ಟರು. ಮರುದಿನ ನಗರಸಭೆಯ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು:

"ಭಾಷಾ ಸಹಾಯಕಿಯು ಪ್ರತಿಯೊಬ್ಬ ಅಭ್ಯರ್ಥಿಯ ಹೆಸರನ್ನು ಓದಿದ ಕೂಡಲೇ ಒಂದು ಬಾರಿ ಕೆಮ್ಮತಕ್ಕದ್ದು. ಕೆಮ್ಮು ಬಾರದಿದ್ದಲ್ಲಿ ಬರುವವರೆಗೆ ಕಾಯತಕ್ಕದ್ದು. ಹೆಚ್ಚುವರಿ ಕೆಮ್ಮು ಬಂದಲ್ಲಿ ಅದನ್ನು ಉಳಿದ ಅಭ್ಯರ್ಥಿಗಳಿಗೂ ವಿಸ್ತರಿಸತಕ್ಕದ್ದು."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಗಾದೆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಇದು ಕೆಮ್ಮಾದ್ದರಿಂದ ಯಾರಿಗೂ ಆ ಗಾದೆ ನೆನಪಾಗಲಿಲ್ಲ.

ಎರಡನೆಯ ತಾಲೀಮಿನಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮವಾಯಿತು. ತಮ್ಮ ಪಾಲಿಗೆ ಬಂದ ಕೆಮ್ಮು ಗಿಡ್ಡವಾಗಿತ್ತೆಂದರು ಕಂಟ್ರಾಕ್ಟರು. ತಮ್ಮದರಲ್ಲಿ ತಿರಸ್ಕಾರವಿತ್ತೆಂದರು ವಕೀಲರು. ಸೋಡಾ ಅಂಗಡಿಯವರು ಮಾತ್ರ, ಇಷ್ಟು ಚುನಾವಣೆ ನಿಂತು ಇದೇ ಮೊದಲ ಸಲ ತಮ್ಮ ಹೆಸರಿಗೆ ಒಂದು ಸದ್ದಾಯಿತೆಂದು ಕಣ್ಣೊರೆಸಿಕೊಂಡರು. ಹಾಗಾಗಿ ಒಂದು ಪ್ರಮಾಣಿತ ಕೆಮ್ಮು ಬೇಕೆಂದು ತೀರ್ಮಾನವಾಯಿತು.

ಅದಕ್ಕಾಗಿ ಬಹಳ ಹುಡುಕಬೇಕಾಗಲಿಲ್ಲ. ನಗರಸಭೆಯ ಕಂದಾಯ ವಿಭಾಗದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತರೊಬ್ಬರಿದ್ದರು. ಸಾಹೇಬರ ಗಮನ ಸೆಳೆಯಲು ಅವರು ನೌಕರಿಗೆ ಸೇರಿದ ದಿನದಿಂದ ಕೆಮ್ಮುತ್ತಲೇ ಇದ್ದರು. ಇಷ್ಟು ವರ್ಷದಲ್ಲಿ ಆ ಕೆಮ್ಮು ಯಾರ ಮೇಲೂ ಯಾವ ಪರಿಣಾಮವನ್ನೂ ಬೀರಿರಲಿಲ್ಲ. ಒಂದು ಬಡ್ತಿಯನ್ನೂ ತಂದಿರಲಿಲ್ಲ, ಒಂದು ಕಡತವನ್ನೂ ಸರಿಸಿರಲಿಲ್ಲ. ಇದಕ್ಕಿಂತ ನಿಷ್ಪಕ್ಷಪಾತದ ಕೆಮ್ಮು ಇರಲು ಸಾಧ್ಯವಿಲ್ಲವೆಂದು ಸಮಿತಿ ಒಮ್ಮತದಿಂದ ಒಪ್ಪಿತು. ಅದನ್ನು ಧ್ವನಿಮುದ್ರಿಸುವ ಗುತ್ತಿಗೆ ಕಂಟ್ರಾಕ್ಟರ ಭಾವಮೈದುನರಿಗೆ ಸಿಕ್ಕಿತು. ಟೆಂಡರ್ ಕರೆದ ವಿಷಯ ಅವರೊಬ್ಬರಿಗೇ ಗೊತ್ತಿದ್ದುದರಿಂದ ಪೈಪೋಟಿ ಇರಲಿಲ್ಲ.

ಟೋಕನಕ್ಕ ಆ ಧ್ವನಿಮುದ್ರಿಕೆ ಕೇಳಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿದಳು. ಪಾತ್ರೆ ತೊಳೆಯುತ್ತಾ ಗುಮಾಸ್ತರ ಹಾಗೆ ಕೆಮ್ಮಿದಳು, ಪಟ್ಟಿಯ ಬಟ್ಟೆ ಕುದಿಸುತ್ತಾ ಕೆಮ್ಮಿದಳು. ತಾಯಿ ಮಲಗಿದಲ್ಲಿಂದಲೇ ಕಿವಿಗೊಟ್ಟು ಕೇಳಿದಳು.

"ಅದ್ಯಾರದೇ ಕೆಮ್ಮು?"

"ನಂದೇ ಅಮ್ಮ. ಕೆಲಸಕ್ಕೆ."

"ನಿಂದಲ್ಲ ಅದು. ನಿನ್ನ ಕೆಮ್ಮು ನಂಗೆ ಗೊತ್ತಿಲ್ವಾ? ಹುಟ್ಟಿದ ವರ್ಷ ಇಡೀ ಚಳಿಗಾಲ ಎದೆ ಮೇಲೆ ಹಾಕ್ಕೊಂಡು ಕೇಳಿದೀನಿ. ಇದ್ಯಾರೋ ಸಂಬಳ ಸಾಲದ ಗಂಡಸಿನ ಕೆಮ್ಮು."

ಮೂರನೆಯ ತಾಲೀಮಿನಲ್ಲಿ ನಾಲ್ಕೂ ಕೆಮ್ಮು ಅಳೆದು ಕತ್ತರಿಸಿದಂತೆ ಬಂದವು. ಯಾರಿಗೂ ತಕರಾರು ಉಳಿಯದೆ ಕೋಣೆಯಲ್ಲಿ ಒಂಥರಾ ನಿರಾಸೆ ಆವರಿಸಿತು. ಆಗ ವಕೀಲರು, ಕೆಮ್ಮುಗಳು ಸಮವಾದ ಮೇಲೆ ಹೆಸರುಗಳ ಅಸಮಾನತೆ ಎದ್ದು ಕಾಣುತ್ತಿದೆ ಎಂದರು.

"ನರ್ಸಮ್ಮನ ಹೆಸರು ಈಕೆ ವರ್ಷಗಟ್ಟಲೆ ಕರೆದು ರೂಢಿಯಾದ ಹೆಸರು. ಮನೆಯವರನ್ನ ಕರೆದ ಹಾಗೆ ಬರುತ್ತೆ. ನನ್ನ ಹೆಸರು ಕೋರ್ಟಿನಲ್ಲಿ ಕೂಗಿದ ಹಾಗೆ ಬರುತ್ತೆ."

"ನನ್ನದು ಸಾಲಗಾರನನ್ನ ಕೂಗಿದ ಹಾಗಿದೆ" ಎಂದರು ಕಂಟ್ರಾಕ್ಟರು.

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ, ಕೆಮ್ಮಿನ ಬಗ್ಗೆ ಹಾಗೆ ಯಾರೂ ಹೇಳಿಲ್ಲ ಎಂದರು. ಪಕ್ಷಪಾತವಿರುವುದು ಹೆಸರಿನಲ್ಲಿ, ಕೆಮ್ಮಿನಲ್ಲಲ್ಲ. ಆದ್ದರಿಂದ ಹೆಸರುಗಳನ್ನು ಕೈಬಿಟ್ಟು ಕೆಮ್ಮನ್ನು ಉಳಿಸಿಕೊಳ್ಳುವುದೆಂದು ನಿರ್ಣಯವಾಯಿತು. ಸಹಾಯಕಿ ಮರದ ಕಡ್ಡಿಯಿಂದ ಒಂದೊಂದು ಸಾಲನ್ನು ಮುಟ್ಟಿ ಒಂದೊಂದು ಸಲ ಕೆಮ್ಮುವುದು. ಕಣ್ಸನ್ನೆಯ ಸಂಶಯ ಬಾರದಂತೆ ಕಪ್ಪು ಕನ್ನಡಕ ಹಾಕಿಕೊಳ್ಳುವುದು.

ಅಂದು ಟೋಕನಕ್ಕ ಸುಮ್ಮನಿರಲಿಲ್ಲ. ಎಲ್ಲರೂ ಹೋದ ಮೇಲೆ ಅಧಿಕಾರಿಗಳ ಮೇಜಿನ ಎದುರು ನಿಂತಳು.

"ಸಾರ್, ಹೆಸರೇ ಹೇಳ್ದಿದ್ರೆ ನಮ್ಮ ಕೇರಿಯವರಿಗೆ ಯಾರು ಎಲ್ಲಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ? ಭಾಷಾ ನೆರವು ಅಂತ ಹೆಸರಿಟ್ಟು ಭಾಷೆನೇ ಇಲ್ದಿದ್ರೆ?"

"ಅಮ್ಮ, ನೀವು ಕೂತ್ಕೊಳ್ಳಿ. ನೀರು ಕುಡೀರಿ." ಅಧಿಕಾರಿಗಳ ದನಿಯಲ್ಲಿ ನಿಜವಾದ ಕಾಳಜಿಯಿತ್ತು. "ಭಾಷೆ ಹೋಯ್ತು, ಒಪ್ತೀನಿ. ಆದ್ರೆ ನೆರವು ಉಳೀತಲ್ಲ? ಎರಡೂ ಹೋಗೋ ಹಾಗಿತ್ತು. ನಿಮಗೆ ಬೇಡ ಅಂದ್ರೆ ಹೇಳಿ, ಹುದ್ದೆನೇ ರದ್ದು ಮಾಡಿಬಿಡೋಣ."

ಅವಳು ಲೆಕ್ಕ ಹಾಕಿದಳು. ಹುದ್ದೆ ರದ್ದಾದರೆ ತಾಯಿ ಒಬ್ಬಳೇ ಒಳಗೆ ಹೋಗಬೇಕು. ತಾನಿದ್ದರೆ ಏನಾದರೂ ಒಂದು ದಾರಿ ಸಿಗಬಹುದು. ಏನೂ ಇಲ್ಲದಿದ್ದಕ್ಕಿಂತ ಕೆಮ್ಮೇ ಮೇಲು ಎಂದುಕೊಂಡು ಹೊರಬಂದಳು. ಮನಸ್ಸಿಗೆ ಮಾತ್ರ ತಾನೇನೋ ಮಾರಿಕೊಂಡು ಬಂದ ಹಾಗಿತ್ತು.

ಮತದಾನದ ದಿನ ಶಾಲೆಯ ಕೊಠಡಿಯಲ್ಲಿ ಟೋಕನಕ್ಕ ಕಪ್ಪು ಕನ್ನಡಕ ಹಾಕಿ, ಎದೆಗೆ ಬಿಲ್ಲೆ ಧರಿಸಿ, ಕೈಯಲ್ಲಿ ಕಡ್ಡಿ ಹಿಡಿದು ನಿಂತಳು. ನಾಲ್ವರ ಏಜೆಂಟರೂ ಬೆಂಚಿನ ಮೇಲೆ ಕೂತು ಕಿವಿ ನಿಮಿರಿಸಿಕೊಂಡಿದ್ದರು. ಗುಡ್ಡದ ಕೇರಿಯ ಮುದುಕರು ಒಬ್ಬೊಬ್ಬರಾಗಿ ಬಂದರು. ಬಂದವರು ಅವಳನ್ನು ನೋಡಿ ಹಿಗ್ಗಿ, ನಮ್ಮ ಹುಡುಗಿಯೇ ಇದ್ದಾಳಲ್ಲ ಎಂಬ ಧೈರ್ಯದಿಂದ ಯಾರ ಹೆಸರು ಎಲ್ಲಿದೆಯೆಂದು ಕೇಳಿದರು. ಅವಳು ಒಂದು ಸಾಲು ಮುಟ್ಟಿ ಕೆಮ್ಮಿದಳು, ಎರಡನೆಯದು ಮುಟ್ಟಿ ಕೆಮ್ಮಿದಳು, ಮೂರನೆಯದು, ನಾಲ್ಕನೆಯದು. ಕಲ್ಲು ಒಡೆಯುತ್ತಿದ್ದ ಮುದುಕನೊಬ್ಬ, ಮಂತ್ರಕ್ಕೆ ತಲೆಬಾಗಿಸಿದ ಹಾಗೆ ಪ್ರತಿ ಕೆಮ್ಮಿಗೂ ತಲೆಬಾಗಿಸಿ, ಮನಸ್ಸಿಗೆ ಬಂದ ಕಡೆ ಗುರುತು ಹಾಕಿ ಹೋದ. ಇನ್ನೊಬ್ಬ ಅವಳಿಗೆ ಶುಂಠಿ ತಿನ್ನಲು ಹೇಳಿದ. ಬೆಳಗಿನಿಂದ ಒಂದೇ ಒಂದು ಆಕ್ಷೇಪಣೆ ಬರಲಿಲ್ಲವೆಂದು ಏಜೆಂಟರು ಬರೆದು ಸಹಿ ಹಾಕಿದರು.

ಬಿಸಿಲು ಏರಿದ ಮೇಲೆ ತಾಯಿ ಕುಂಟುತ್ತಾ ಬಂದಳು. ಮತಪತ್ರ ಹಲಗೆಯ ಮೇಲೆ ಹರಡಿದಳು.

"ನರ್ಸಮ್ಮ ಎಲ್ಲಿದ್ದಾಳೆ ಹೇಳು" ಎಂದಳು.

ಟೋಕನಕ್ಕನಿಗೆ ಅಂದು ತಾಯಿ ಇರಲಿಲ್ಲ. ಎದುರಿಗಿದ್ದವಳು ಮತದಾರಳು. ಆ ಹಾಳೆಯಲ್ಲಿ ನರ್ಸಮ್ಮನ ಹೆಸರು ಎರಡನೆಯ ಸಾಲಿನಲ್ಲಿತ್ತು. ಅಲ್ಲಿ ಒಂದು ಎಳೆ ಉದ್ದ ಕೆಮ್ಮಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಬೆಂಚಿನ ಮೇಲಿದ್ದವರು ಮುಂದಕ್ಕೆ ಬಾಗಿದರು. ಅವಳು ಮೊದಲ ಸಾಲು ಮುಟ್ಟಿ ಗುಮಾಸ್ತರ ಕೆಮ್ಮು ಕೆಮ್ಮಿದಳು. ಎರಡನೆಯದು ಮುಟ್ಟಿದಳು; ಧೈರ್ಯ ಸಾಲದೆ ಅಲ್ಲಿಯೂ ಗುಮಾಸ್ತರದೇ ಬಂತು. ಮೂರನೆಯ ಸಾಲು ಮುಟ್ಟುವಷ್ಟರಲ್ಲಿ, ಬೆಳಗಿನಿಂದ ಕೆಮ್ಮಿ ಕೆಮ್ಮಿ ತರಚಿಹೋಗಿದ್ದ ಗಂಟಲು ತಾನಾಗಿಯೇ ಒಂದು ಸಲ ಕೆಮ್ಮಿತು. ಸದ್ದಿನ ಅಳತೆ ಸರಿಯಾಗಿಯೇ ಇತ್ತು, ಏಜೆಂಟರು ತಲೆ ಎತ್ತಲಿಲ್ಲ. ನಾಲ್ಕನೆಯದಕ್ಕೆ ಮತ್ತೆ ಗುಮಾಸ್ತರು.

ತಾಯಿ ಒಂದು ಕ್ಷಣ ಮಗಳ ಕಪ್ಪು ಕನ್ನಡಕವನ್ನೇ ನೋಡಿದಳು. ಆಮೇಲೆ ಮುಖ ಅರಳಿಸಿಕೊಂಡು, ಪರದೆಯ ಹಿಂದೆ ಹೋಗಿ, ಗುರುತು ಹಾಕಿ ಪೆಟ್ಟಿಗೆಗೆ ಹಾಕಿದಳು.

ಸಂಜೆ ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ಕಾಯುತ್ತಿದ್ದಳು. "ನೀನು ಜಾಣೆ ಕಣೇ" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. "ಆ ಬೆಂಚಿನ ಮೇಲೆ ಕೂತ ದಡ್ಡರಿಗೆ ಏನು ಗೊತ್ತು? ಮೂರು ಕೆಮ್ಮು ಆ ಗಂಡಸಿಂದು. ಮೂರನೇ ಸಾಲಿಗೆ ಮಾತ್ರ ನಿನ್ನ ಸ್ವಂತದ್ದು. ಅಲ್ಲೇ ಹಾಕಿದೆ."

ಮೂರನೆಯ ಸಾಲು ಕಂಟ್ರಾಕ್ಟರದು. ಟೋಕನಕ್ಕನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ತಾಯಿ ಆ ರಾತ್ರಿ ಬಹಳ ದಿನಗಳ ಮೇಲೆ ನಗುತ್ತಾ ಊಟ ಮಾಡಿದ್ದರಿಂದ ಅವಳು ಏನೂ ಹೇಳಲಿಲ್ಲ.

ಕಂಟ್ರಾಕ್ಟರು ಗೆದ್ದರು. ಗುಡ್ಡದ ಕೇರಿಯ ಮತಗಳು ನಾಲ್ವರಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದವು. ಇದು ನಿಷ್ಪಕ್ಷಪಾತದ ನೆರವಿಗೆ ಸಿಕ್ಕ ಪ್ರಮಾಣಪತ್ರವೆಂದು ಅಧಿಕಾರಿಗಳು ವರದಿಯಲ್ಲಿ ಬರೆದರು. ಸೋಡಾ ಅಂಗಡಿಯವರಿಗೆ ಹಿಂದೆಂದೂ ಬಾರದಷ್ಟು ಮತ ಬಂದು, ಅವರು ಅಂಗಡಿಯಲ್ಲಿ ಕೆಮ್ಮಿದವರಿಗೆಲ್ಲ ಒಂದು ದಿನ ಪುಕ್ಕಟೆ ಸೋಡಾ ಕೊಟ್ಟರು. ಗುಡ್ಡದ ಮಾತಿನಲ್ಲಿ ದೂರು ಕೊಡುವವರು ಭಾಷಾ ಸಹಾಯಕಿಯ ಮೂಲಕವೇ ಕೊಡತಕ್ಕದ್ದು ಎಂಬ ನಿಯಮವಿತ್ತು. ಬಂದ ದೂರುಗಳು ಕೆಮ್ಮುಗಳಾಗಿ ದಾಖಲಾದವು. ಆದ್ದರಿಂದ ದೂರುಗಳ ಸಂಖ್ಯೆ ಸೊನ್ನೆ.

ಚಿಕ್ಕಾಸ್ಪತ್ರೆಯನ್ನು ಕೆಡವುವ ದಿನ ಸಮಾರಂಭವಿತ್ತು. ಎಂಬತ್ತೆಂಟು ಎಂದು ಉರಿಯುತ್ತಿದ್ದ ಹಲಗೆಯನ್ನು ಇಳಿಸುವಾಗ ಅದು ಒಂದು ಗಳಿಗೆ ಒಂದು ಎಂದು ತೋರಿಸಿ ಆರಿತು. ಟೋಕನಕ್ಕನಿಗೆ ಕೂಗಲು ಏನೂ ಉಳಿಯಲಿಲ್ಲ. ಅಧಿಕಾರಿಗಳು ಅವಳ ಕೈ ಬಿಡಲಿಲ್ಲ.

"ಈ ವ್ಯವಸ್ಥೆ ಎಷ್ಟು ಚೆನ್ನಾಗಿ ನಡೀತು ಅಂದ್ರೆ, ಇದನ್ನ ದೊಡ್ಡಾಸ್ಪತ್ರೆಗೂ ವಿಸ್ತರಿಸ್ತಿದ್ದೀವಿ" ಎಂದರು. "ನ್ಯಾಯಬೆಲೆ ಅಂಗಡಿ, ಪೊಲೀಸ್ ಠಾಣೆ ಆಮೇಲೆ. ನೀವು ತರಬೇತಿ ಕೊಡೋರು. ಕಾಯಂ ನೌಕರಿ. ಆಕ್ಷೇಪಣೆ ಏನಾದ್ರೂ ಇದೆಯಾ?"

ಅಕ್ಕಿಯ ಡಬ್ಬ ತಳ ಕಂಡಿತ್ತು. ಆಕ್ಷೇಪಣೆ ಇಲ್ಲ ಎಂದಳು ಟೋಕನಕ್ಕ.

ಅವಳು ಒಳ್ಳೆಯ ಗುರುವಾದಳು. ಗುಡ್ಡದ ಮಾತು ಬಲ್ಲವರು ಮಾತಿನ ಆಸೆಗೆ ಬೀಳುವ ಅಪಾಯವಿದೆಯೆಂದು, ಆ ಮಾತು ಬಾರದವರನ್ನೇ ಸಹಾಯಕಿಯರಾಗಿ ಆರಿಸುವಂತೆ ನಿಯಮ ಅಷ್ಟರಲ್ಲಿ ಸುಧಾರಿಸಿತ್ತು. ಹೆಣ್ಣುಮಕ್ಕಳು ಸಾಲಾಗಿ ನಿಂತು ಗುಮಾಸ್ತರ ಕೆಮ್ಮು ಕಲಿತರು. ಗುಮಾಸ್ತರು ನಿವೃತ್ತರಾಗಿ ಮನೆಯಲ್ಲಿದ್ದರು. ತಮ್ಮ ಕೆಮ್ಮಿಗೆ ಬಡ್ತಿ ಸಿಕ್ಕಿದ ಸುದ್ದಿ ಕೇಳಿ, ಅಭ್ಯಾಸಬಲದಿಂದ ಒಂದು ಸಲ ಕೆಮ್ಮಿದರಂತೆ.

ತಾಯಿ ಈಗ ಎರಡು ಬಸ್ಸು ಬದಲಿಸಿ ಹಳಿ ದಾಟಿ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಟೋಕನಕ್ಕ ಜೊತೆಗೆ ಹೋಗುವಳು. ಬಂಧುಗಳು ಹೊರಗಿನ ಬೆಂಚಿನ ಮೇಲೆ ಕೂರತಕ್ಕದ್ದು ಎಂಬ ನಿಯಮ ಅಲ್ಲಿಗೂ ಬಂದಿತ್ತು. ಪಟ್ಟಿ ಬದಲಿಸುವ ಕೋಣೆಗೆ ಚೀಟಿ ಬೇಕು, ಚೀಟಿಯನ್ನು ಡಾಕ್ಟರು ಬರೆಯಬೇಕು, ಡಾಕ್ಟರು ಬರೆಯಲು ಕಾಲಿನ ವಿಷಯ ಸಹಾಯಕಿಯ ಮೂಲಕ ಅವರಿಗೆ ಮುಟ್ಟಬೇಕು; ಮುಟ್ಟುತ್ತಿದ್ದುದು ಕೆಮ್ಮೊಂದೇ. ಹಾಗಾಗಿ ಪಟ್ಟಿಯನ್ನು ಟೋಕನಕ್ಕ ಮನೆಯಲ್ಲೇ ಬದಲಿಸತೊಡಗಿದಳು.

ಒಂದು ಸೋಮವಾರ ಬೆಂಚಿನ ಮೇಲೆ ಕೂತಿದ್ದಾಗ, ಅರೆ ತೆರೆದ ಬಾಗಿಲಿನಿಂದ ತಾಯಿಯ ದನಿ ಕೇಳಿಸಿತು. ಗುಡ್ಡದ ಮಾತಿನಲ್ಲಿ, ಖುಷಿಯಾಗಿ ಹೇಳುತ್ತಿದ್ದಳು: "ನಿಂತುಹೋಯ್ತಪ್ಪ ಡಾಕ್ಟ್ರೇ. ಮೊನ್ನೆಯಿಂದ ಉರಿ ಇಲ್ಲ, ನೋವಿಲ್ಲ. ಕಾಲು ಇದೆಯೋ ಇಲ್ವೋ ಅನ್ನೋ ಹಾಗಿದೆ."

ಅದರ ಹಿಂದೆಯೇ ಒಂದು ಕೆಮ್ಮು ಕೇಳಿಸಿತು. ಅಳತೆ ಸರಿಯಾಗಿದ್ದ, ಯಾವ ಕಡೆಗೂ ವಾಲದ, ಅಚ್ಚುಕಟ್ಟಾದ ಕೆಮ್ಮು. ಟೋಕನಕ್ಕನಿಗೆ ಯಾವ ಶಿಷ್ಯೆಯೆಂದು ಕೂಡಲೇ ತಿಳಿಯಿತು. ಆ ತಂಡದಲ್ಲಿ ಅವಳೇ ಮೊದಲಿಗಳು.

ಟೋಕನಕ್ಕ ಎದ್ದು ಓಡಿದಳು. ಕಾವಲುಗಾರ ಅಡ್ಡ ಕೈ ಹಿಡಿದ. ಬಿಲ್ಲೆ ತೋರಿಸಿದಳು, ತರಬೇತಿದಾರರಾದರೆ ಕೆಮ್ಮಿನ ಪರಿಶೀಲನೆಗೆ ಹೋಗಬಹುದು ಎಂದು ದಾರಿ ಬಿಟ್ಟ. ಡಾಕ್ಟರು ಅವಳನ್ನು ನೋಡಿ ಎದ್ದು ನಿಂತರು.

"ಬನ್ನಿ ಬನ್ನಿ. ನಿಮ್ಮ ಹುಡುಗಿ ಬಹಳ ಚೆನ್ನಾಗಿ ಕೆಲಸ ಮಾಡ್ತಾಳೆ. ಕೆಮ್ಮು ಹೇಗಿತ್ತು?"

"ಸರಿಯಾಗಿತ್ತು. ಡಾಕ್ಟ್ರೇ, ಕಾಲು ನೋಡಿ. ನೋವು ನಿಂತಿದೆ ಅಂತಿದ್ದಾರೆ. ನೋವು ನಿಂತ್ರೆ ಓಡಿ ಬನ್ನಿ ಅಂತ ಹಳೇ ಡಾಕ್ಟ್ರು ಹೇಳಿದ್ರು."

"ನೋವು ನಿಂತ್ರೆ ಸಂತೋಷ ಅಲ್ವೇ?" ಡಾಕ್ಟರು ಮೃದುವಾಗಿ ಕೇಳಿದರು. "ನೀವು ಯಾರು, ಇವರಿಗೆ?"

"ಮಗಳು."

"ಅಯ್ಯೋ. ಹಾಗಾದ್ರೆ ನೀವು ಹೇಳಿದ್ದನ್ನ ನಾನು ಕೇಳಿಸ್ಕೊಳ್ಳೋ ಹಾಗಿಲ್ಲ. ತಪ್ಪು ತಿಳ್ಕೋಬೇಡಿ. ಅಜ್ಜಿನೇ ಹೇಳ್ಲಿ." ಅವರು ಮುದುಕಿಯ ಕಡೆ ತಿರುಗಿದರು. "ಅಜ್ಜಿ, ಏನು ತೊಂದರೆ?"

ತಾಯಿ ಮತ್ತೆ ಮೊದಲಿನಿಂದ ಹೇಳಿದಳು, ಹಿಮ್ಮಡಿ ಎತ್ತಿ ತೋರಿಸಿದಳು. ಶಿಷ್ಯೆ, ಗುರುವಿನ ಎದುರು ಇನ್ನಷ್ಟು ಶ್ರದ್ಧೆಯಿಂದ, ಒಂದು ಸಲ ಕೆಮ್ಮಿದಳು.

"ನೋಡಿ" ಎಂದರು ಡಾಕ್ಟರು. "ಕಾಲಿನ ವಿಷಯ ಇದರಲ್ಲಿ ಎಲ್ಲೂ ಬಂದಿಲ್ಲ." ಔಷಧ ಬರೆದುಕೊಟ್ಟರು.

ಟೋಕನಕ್ಕ ಅಂದೇ ಅಧಿಕಾರಿಗಳ ಬಳಿಗೆ ಹೋಗಿ, ತಾಯಿಯ ಪರವಾಗಿ ಮಾತಾಡಲು ವಿನಾಯಿತಿ ಬೇಕೆಂದು ಅತ್ತಳು. ಅಧಿಕಾರಿಗಳು ನೀರು ಕೊಟ್ಟರು. ವಿನಾಯಿತಿಯ ವಿಷಯವನ್ನು ಮುಂದಿನ ಸಭೆಯ ಮುಂದಿಡುವುದಾಗಿಯೂ, ಅಲ್ಲಿಯವರೆಗೆ ಸಮಾಧಾನದಿಂದಿರಬೇಕೆಂದೂ ಹೇಳಿದರು. ಸಮಾಧಾನದಿಂದಿರಲು ಅವಳು ಒಪ್ಪಿದಳು. ಬೇರೇನೂ ಒಪ್ಪಲು ಅಲ್ಲಿರಲಿಲ್ಲ.

ಮನೆಯಲ್ಲಿ ತಾಯಿ ಕಾಲನ್ನು ಮಣೆಯ ಮೇಲಿಟ್ಟುಕೊಂಡು, ಕೆಮ್ಮಿನ ಔಷಧದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ಚಮಚ ಕುಡಿದು ತುಟಿ ಚಪ್ಪರಿಸಿದಳು.

"ಸಿಹಿಯಾಗಿದೆ ಕಣೇ. ಆ ಚಿಕ್ಕಾಸ್ಪತ್ರೆಯವನು ಒಂದು ದಿನ ಸಿಹಿ ಮುಟ್ಟೋಕೆ ಬಿಡ್ಲಿಲ್ಲ. ನೋವನ್ನೂ ವಾಸಿ ಮಾಡ್ಲಿಲ್ಲ. ಇವರು ನೋಡು, ಎರಡನ್ನೂ ಮಾಡಿದ್ರು. ನೀನು ಅವತ್ತು ಸರಿಯಾದ ಸಾಲಿಗೇ ಕೆಮ್ಮಿದೆ."

ಟೋಕನಕ್ಕ ತಾಯಿಯ ಕಾಲ ಬಳಿ ಕೂತಳು. ಪಟ್ಟಿ ಬಿಚ್ಚಿದಳು. ಹೆಬ್ಬೆರಳನ್ನು ಹಿಮ್ಮಡಿಗೆ ಇಟ್ಟು, ಮೊದಲು ಮೆಲ್ಲಗೆ, ಆಮೇಲೆ ತನ್ನ ಶಕ್ತಿಯೆಲ್ಲ ಹಾಕಿ ಒತ್ತಿದಳು.

"ಅಮ್ಮ, ನೋವಾಗ್ತಿದೆಯಾ? ನೋವಾಗ್ತಿದೆ ಅನ್ನಮ್ಮ."

"ಯಾಕೆ, ಮುಟ್ಟಿದೆಯಾ?" ಎಂದಳು ತಾಯಿ. ಆಮೇಲೆ ಚಮಚವನ್ನು ಮುಂದೆ ಚಾಚಿದಳು. "ಇನ್ನೊಂದು ಹಾಕು."

ಮಗಳು ಹಾಕಿದಳು.